ಯಾವ ನೂರರ ಮೇಲೆ?

ಬೆಳಗಾದರೆ ಮನೆಗೆ ಮೊದಲು ಬರುವ ಖರ್ಚು ಹಾಲಿನದು. ಅಕ್ಕಿ ಬೇಳೆಯನ್ನು ತಿಂಗಳಿಗೊಮ್ಮೆ ತಂದಿಟ್ಟುಕೊಳ್ಳಬಹುದು, ಬಟ್ಟೆಬರೆಯನ್ನು ಮುಂದಿನ ಹಬ್ಬಕ್ಕೆ ಮುಂದೂಡಬಹುದು. ಹಾಲು ದಿನವೂ ಬೇಕು. ಅದಕ್ಕೇ ಬೆಲೆ ಏರಿದ ಬಿಸಿ ಮೊದಲು ತಟ್ಟುವುದು ಅಲ್ಲಿ. ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲು 2022ರ ನವೆಂಬರಿನಲ್ಲಿ ಲೀಟರಿಗೆ 37 ರೂಪಾಯಿಯಿಂದ 39ಕ್ಕೆ ಏರಿತು. 2023ರ ಆಗಸ್ಟ್ 1ರಿಂದ 42 ಆಯಿತು. 2025ರ ಏಪ್ರಿಲ್ 1ರಿಂದ 46. ಒಮ್ಮೆ ಎರಡು ರೂಪಾಯಿ, ಒಮ್ಮೆ ಮೂರು, ಒಮ್ಮೆ ನಾಲ್ಕು.

ಇದನ್ನೇ ಶೇಕಡಾ ಲೆಕ್ಕಕ್ಕೆ ಇಳಿಸಿ ನೋಡೋಣ. ಲೆಕ್ಕ ಕಷ್ಟದ್ದೇನಲ್ಲ. ಎಷ್ಟು ಹೆಚ್ಚಿತು ಎಂದು ನೋಡಿ, ಅದನ್ನು ಹಳೆಯ ಬೆಲೆಯಿಂದ ಭಾಗಿಸಿ, ಬಂದದ್ದನ್ನು ನೂರರಿಂದ ಗುಣಿಸಿದರೆ ಮುಗಿಯಿತು. 37ರ ಮೇಲೆ 2 ಎಂದರೆ ಶೇ 5.4. 39ರ ಮೇಲೆ 3 ಎಂದರೆ ಶೇ 7.7. 42ರ ಮೇಲೆ 4 ಎಂದರೆ ಶೇ 9.5. ಮೂರನ್ನೂ ಕೂಡಿದರೆ 22.6 ಬರುತ್ತದೆ. ಆದರೆ ನೇರವಾಗಿ 37ರಿಂದ 46ಕ್ಕೆ ಲೆಕ್ಕ ಹಾಕಿದರೆ, 37ರ ಮೇಲೆ 9, ಅಂದರೆ ಶೇ 24.3. ಕೂಡಿದ್ದಕ್ಕೂ ನೇರ ಲೆಕ್ಕಕ್ಕೂ ನಡುವೆ ಒಂದೂಮುಕ್ಕಾಲರಷ್ಟು ವ್ಯತ್ಯಾಸ ಉಳಿಯಿತು. ಇದರಲ್ಲಿ ಯಾರ ಮೋಸವೂ ಇಲ್ಲ. ಎರಡನೆಯ ಸಲದ ಏರಿಕೆ ಮೊದಲ ಸಲ ಏರಿದ ಬೆಲೆಯ ಮೇಲೆ ಕೂತಿದೆ, ಮೂರನೆಯದು ಆ ಎರಡರ ಮೇಲೂ ಕೂತಿದೆ. ನಾವು ನೂರು ಎಂದು ಹಿಡಿದುಕೊಂಡ ಮೊತ್ತ ಪ್ರತಿಸಲವೂ ಸ್ವಲ್ಪ ದೊಡ್ಡದಾಗುತ್ತ ಹೋಯಿತು.

ನಡುವೆ 2024ರ ಜೂನ್‌ನಲ್ಲಿ ಇನ್ನೊಂದು ನಡೆಯಿತು. ಲೀಟರ್ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಸೇರಿಸಿ, ಬೆಲೆಯನ್ನು 42ರಿಂದ 44 ಮಾಡಿದರು. ಅರ್ಧ ಲೀಟರಿನ ಪ್ಯಾಕೆಟ್ಟಿಗೂ 50 ಮಿಲಿ ಸೇರಿತು, 22 ಇದ್ದದ್ದು 24 ಆಯಿತು. ಬೆಲೆ ಏರಿಲ್ಲ, ಹಾಲು ಹೆಚ್ಚಿದೆ ಎಂದು ಸರ್ಕಾರ ಹೇಳಿತು. ಇಲ್ಲ, ಬೆಲೆಯೇ ಏರಿದೆ ಎಂದರು ಕೊಳ್ಳುವವರು. ಲೆಕ್ಕ ಹಾಕಿದರೆ ಸರ್ಕಾರದ ಮಾತು ಸರಿ. ದೊಡ್ಡ ಪ್ಯಾಕೆಟ್ಟಿನಲ್ಲಿ ಹಾಲು ಶೇ 5 ಹೆಚ್ಚಿತು, ಹಣ ಶೇ 4.8. ಚಿಕ್ಕ ಪ್ಯಾಕೆಟ್ಟಿನಲ್ಲಿ ಹಾಲು ಶೇ 10, ಹಣ ಶೇ 9.1. ಲೀಟರಿಗೆ ಬೀಳುವ ದರ ಕೂದಲೆಳೆಯಷ್ಟು ಇಳಿದೇ ಇತ್ತು. ಆದರೂ ಕೊಳ್ಳುವವರ ಮಾತನ್ನು ತಳ್ಳಿಹಾಕಲಾಗದು. ಅರ್ಧ ಲೀಟರಿನಲ್ಲಿ ದಿನ ಕಳೆಯುತ್ತಿದ್ದ ಮನೆಗೆ ಆ ಹೆಚ್ಚುವರಿ 50 ಮಿಲಿ ಬೇಕೋ ಬೇಡವೋ ಎಂದು ಕೇಳಿದವರಿಲ್ಲ. ಅವರ ಕೈಯಿಂದ ದಿನಕ್ಕೆ ಎರಡು ರೂಪಾಯಿ ಹೆಚ್ಚು ಹೋಗತೊಡಗಿದ್ದು ನಿಜ. ಹಾಲನ್ನು ನೂರು ಎಂದು ಹಿಡಿದವರಿಗೆ ಒಂದು ಉತ್ತರ ಬಂತು, ತಿಂಗಳ ಸಂಪಾದನೆಯನ್ನು ನೂರು ಎಂದು ಹಿಡಿದವರಿಗೆ ಇನ್ನೊಂದು. ಮರುವರ್ಷ ಏಪ್ರಿಲ್‌ನಲ್ಲಿ ಆ 50 ಮಿಲಿ ವಾಪಸು ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ಆ ನಾಲ್ಕು ರೂಪಾಯಿಯೂ ರೈತರಿಗೇ ಎಂದು ಆಗ ಹೇಳಲಾಯಿತು. ನಸುಕಿನಲ್ಲಿ ಎದ್ದು ಹಸುವಿನ ಮುಂದೆ ಕೂರುವವರ ಕೈಗೆ ಅದು ಪೂರ್ತಿ ಸೇರಿದರೆ, ಆ ಏರಿಕೆಯ ಬಗ್ಗೆ ನನ್ನ ಮನಸ್ಸಿನಲ್ಲಿ ತಕರಾರಿಲ್ಲ.

ಹೀಗೆ ಯೋಚಿಸುತ್ತ ಹೋದರೆ, ಶೇಕಡಾ ಎಂಬುದು ಒಂಟಿಯಾಗಿ ನಿಲ್ಲುವ ಸಂಖ್ಯೆಯಲ್ಲ ಎಂಬುದು ನಿಧಾನವಾಗಿ ತಿಳಿಯುತ್ತದೆ. ಯಾರಾದರೂ 'ಹತ್ತು ಪರ್ಸೆಂಟ್ ಏರಿದೆ' ಎಂದರೆ ಹತ್ತನ್ನು ಹಿಡಿದುಕೊಂಡು ಬೇಸರವೋ ಸಂತೋಷವೋ ಪಡುವ ಮೊದಲು, ಯಾವ ನೂರರ ಮೇಲೆ ಎಂದು ಕೇಳಬೇಕಾಗುತ್ತದೆ. ಅದೊಂದು ತಿಳಿದರೆ ಉಳಿದದ್ದನ್ನು ಐದನೇ ತರಗತಿಯ ಮಗುವೂ ಮಾಡಿ ಮುಗಿಸುತ್ತದೆ.

ನಮ್ಮ ನಾಡಿಗೆ ಈ ಲೆಕ್ಕ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳು ಸಾಲುಸಾಲಾಗಿ ಬರುತ್ತವೆ. ಅದು ಸಂಸ್ಕೃತದಲ್ಲಿತ್ತು. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಅಂಗಡಿ, ಹೊಲ, ಸಾಲ ಎಂದು ಓಡಾಡುವವರಿಗೆ ಬೇಕಾದ ಗಣಿತ ಅವರ ಮಾತಿನಲ್ಲೇ ಇರಬೇಕು ಎಂದು ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬರಿಗೆ ಅನ್ನಿಸಿತಲ್ಲ, ಅದನ್ನು ನೆನೆದರೆ ಮನಸ್ಸು ತುಂಬುತ್ತದೆ. ಆ ಕಾಲದ ಗಣಿತಕ್ಕೆಲ್ಲ ಬೆನ್ನೆಲುಬಾಗಿದ್ದದ್ದು ತ್ರೈರಾಶಿಕ. ಇಷ್ಟಕ್ಕೆ ಇಷ್ಟಾದರೆ, ಅಷ್ಟಕ್ಕೆ ಎಷ್ಟು? ಅದರಲ್ಲಿ ಮೊದಲು ಹೇಳಬೇಕಾದ್ದು ಪ್ರಮಾಣ, ಆಮೇಲೆ ಅದರ ಫಲ, ಕೊನೆಗೆ ಇಚ್ಛೆ. ಪ್ರಮಾಣವನ್ನು ಹೇಳದೆ ಫಲವನ್ನು ಹೇಳುವಂತಿರಲಿಲ್ಲ.

ಆಣೆಯ ಕಾಲದ ಮಾತಿನಲ್ಲೂ ಈ ಎಚ್ಚರ ಇತ್ತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬರುವವರೆಗೆ ರೂಪಾಯಿಗೆ ಹದಿನಾರಾಣೆ. ವ್ಯಾಪಾರದಲ್ಲಿ ಎಷ್ಟು ಗಿಟ್ಟಿತು ಎಂದು ಕೇಳಿದರೆ 'ರೂಪಾಯಿಗೆ ಎರಡಾಣೆ' ಎನ್ನುತ್ತಿದ್ದರು. ಈಗಿನ ಲೆಕ್ಕದಲ್ಲಿ ಅದು ಶೇ 12.5. ಯಾವುದರ ಮೇಲೆ ಎಂಬುದು ಆ ಮಾತಿನಲ್ಲೇ ಅಡಗಿತ್ತು: ಹಾಕಿದ ಒಂದೊಂದು ರೂಪಾಯಿಯ ಮೇಲೆ.

ಈಗ ತುಪ್ಪದ ವಿಷಯಕ್ಕೆ ಬರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು, ತುಪ್ಪದ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಏಳು ಪರ್ಸೆಂಟ್ ಅಗ್ಗವಾಯಿತು ಎಂದು ಬಹಳ ಮಂದಿ ಹೇಳಿದರು. ಅಗ್ಗವಾಗಬೇಕಿದ್ದದ್ದು ಅಷ್ಟಲ್ಲ. ತೆರಿಗೆ ಸೇರಿ 112 ಇದ್ದದ್ದು 105 ಆಯಿತು. 112ರ ಮೇಲೆ 7 ಎಂದರೆ ಶೇ 6.25. ಹಳಬರ ಮಾತಿನಲ್ಲಿ ಸರಿಯಾಗಿ ರೂಪಾಯಿಗೆ ಒಂದಾಣೆ. 650 ರೂಪಾಯಿ ಇದ್ದ ನಂದಿನಿ ತುಪ್ಪ 610 ಆಯಿತು. 650ನ್ನು 112ರಿಂದ ಭಾಗಿಸಿ 105ರಿಂದ ಗುಣಿಸಿದರೆ 609 ರೂಪಾಯಿ ಚಿಲ್ಲರೆ ಬರುತ್ತದೆ. ತೆರಿಗೆ ಇಳಿದದ್ದು ಕೊಳ್ಳುವವರಿಗೆ ಸರಿಯಾಗಿ ತಲುಪಿತು ಎಂದು ಇಷ್ಟರಿಂದ ತಿಳಿಯುತ್ತದೆ. ಕಿರಾಣಿ ಅಂಗಡಿಯ ಬೇರೆ ಸಾಮಾನಿನ ಮೇಲೂ ಇದೇ ಭಾಗಾಕಾರ ಮಾಡಿ ನೋಡಬಹುದು. ಹಳೆಯ ಚೀಟಿ ಒಂದು ಕೈಯಲ್ಲಿದ್ದರೆ ಸಾಕು.

ನವೆಂಬರಿನಲ್ಲಿ ಅದೇ ತುಪ್ಪ 90 ರೂಪಾಯಿ ಏರಿ 700 ಆಯಿತು. ಎಷ್ಟು ಏರಿತು? 610ರ ಮೇಲೆ ಲೆಕ್ಕ ಹಾಕಿದರೆ ಶೇ 14.75. ಸೆಪ್ಟೆಂಬರಿಗೆ ಮುಂಚಿನ 650ರ ಮೇಲೆ ಹಾಕಿದರೆ ಶೇ 7.7. ಎರಡೂ ಸತ್ಯ. ಏರಿಕೆಯನ್ನು ದೊಡ್ಡದಾಗಿ ತೋರಿಸಬೇಕಾದವರು ಮೊದಲನೆಯದನ್ನು ಹೇಳುತ್ತಾರೆ, ಚಿಕ್ಕದಾಗಿ ತೋರಿಸಬೇಕಾದವರು ಎರಡನೆಯದನ್ನು. ಕೇಳುವವರು ಎರಡು ತಾರೀಕನ್ನೂ ಕೇಳಿ ತಿಳಿದುಕೊಂಡರೆ ಯಾರ ಮೇಲೂ ಸಿಟ್ಟಾಗಬೇಕಿಲ್ಲ.

ಇಳಿದು ಏರುವ ಲೆಕ್ಕದ ಪೂರ್ತಿ ಹೊರೆ ಬೀಳುವುದು ಬೆಳೆಗಾರರ ಮೇಲೆ. ಕೆಜಿಗೆ 30 ರೂಪಾಯಿ ಇದ್ದ ಟೊಮೆಟೊ 15ಕ್ಕೆ ಬಿದ್ದರೆ ಶೇ 50 ಇಳಿಕೆ. ಮತ್ತೆ 30 ಆಗಬೇಕಾದರೆ ಶೇ 100 ಏರಬೇಕು. ಬೆಲೆ ನೂರು ಪರ್ಸೆಂಟ್ ಏರಿತು ಎಂಬ ಸುದ್ದಿ ಬಂದ ದಿನ ರೈತ ಮೊದಲಿದ್ದ ಜಾಗಕ್ಕೆ ಮರಳಿರುತ್ತಾನೆ ಅಷ್ಟೆ, ನಡುವಿನ ವಾರಗಳ ನಷ್ಟ ಹಾಗೇ ಉಳಿದಿರುತ್ತದೆ.

ಘೋಷಿಸಿದ ಶೇಕಡಾ ಎಲ್ಲರಿಗೂ ಒಂದೇ ಆಗಿ ತಟ್ಟುವುದೂ ಇಲ್ಲ. 2025ರ ಜನವರಿ 5ರಂದು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ ಶೇ 15 ಏರಿತು. ಬೆಂಗಳೂರಿನ ಸಾಮಾನ್ಯ ಬಸ್ಸಿನಲ್ಲಿ ಅತಿ ಕಡಿಮೆ ದರ 5 ರೂಪಾಯಿ ಇತ್ತು. ಐದರ ಮೇಲೆ ಶೇ 15 ಎಂದರೆ 75 ಪೈಸೆ. ಮುಕ್ಕಾಲು ರೂಪಾಯಿ ಕೊಡುವ ನಾಣ್ಯ ಈಗ ಯಾರ ಜೇಬಿನಲ್ಲೂ ಇಲ್ಲ. ಆದ್ದರಿಂದ ಟಿಕೆಟ್ 6 ರೂಪಾಯಿ ಆಯಿತು. ಐದರ ಮೇಲೆ ಒಂದು, ಅಂದರೆ ಶೇ 20. ಅತಿ ಕಡಿಮೆ ದೂರ ಹೋಗುವವರಿಗೆ ಘೋಷಿಸಿದ್ದಕ್ಕಿಂತ ಹೆಚ್ಚಿನ ಏರಿಕೆ ತಗಲಿತು. ಮೊತ್ತ ಚಿಕ್ಕದಾದಷ್ಟೂ ರೂಪಾಯಿಯ ಪೂರ್ಣಾಂಕಕ್ಕೆ ಮೇಲಕ್ಕೆ ಎಳೆಯುವ ಪೆಟ್ಟು ದೊಡ್ಡದಾಗುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳು ಈ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಿಲ್ಲ, ಅದು ದೊಡ್ಡ ನೆಮ್ಮದಿ. ಉಳಿದ ಗಂಡಸರಲ್ಲಿ ಒಂದೆರಡು ಸ್ಟಾಪಿಗೆ ಬಸ್ಸು ಹತ್ತುವವರು ಯಾರು? ಗಾರೆ ಕೆಲಸಕ್ಕೆ ಹೋಗುವವರು, ಆಸ್ಪತ್ರೆಗೆ ಹೊರಟ ಮುದುಕರು, ನಡೆಯಲಾಗದೆ ಹತ್ತುವವರು. ಮರುತಿಂಗಳು ಮೆಟ್ರೊ ದರವೂ ಏರಿತು. ಅತಿ ಹೆಚ್ಚಿನ ಟಿಕೆಟ್ 60 ಇದ್ದದ್ದು 90, ಶೇ 50. ಆದರೆ ನಡುವಿನ ಕೆಲವು ದೂರಗಳಿಗೆ ದರ ದುಪ್ಪಟ್ಟಾಗಿತ್ತು. ಜನ ಮಾತಾಡಿದ ಮೇಲೆ, ಕೆಲವೇ ದಿನಗಳಲ್ಲಿ, ಯಾವ ದೂರಕ್ಕೂ ಶೇ 71ಕ್ಕಿಂತ ಹೆಚ್ಚು ಏರದಂತೆ ಮಿತಿ ಹಾಕಿದರು. ಒಟ್ಟಾರೆಯ ಒಂದು ಅಂಕಿಯ ಕೆಳಗೆ ಎಷ್ಟೆಲ್ಲ ಬೇರೆಬೇರೆ ಅಂಕಿಗಳು ಇರುತ್ತವೆ ಎಂದು ಆ ವಾರ ದಿನವೂ ಪ್ರಯಾಣ ಮಾಡುವವರೇ ಲೆಕ್ಕ ಹಾಕಿ ತೋರಿಸಿದರು. ಅದು ನನಗೆ ತುಂಬ ಹಿಡಿಸಿತು.

ತುಟ್ಟಿಭತ್ಯೆಯ ಲೆಕ್ಕ ಇನ್ನೊಂದು ಥರ. ರಾಜ್ಯ ಸರ್ಕಾರಿ ನೌಕರರ ತುಟ್ಟಿಭತ್ಯೆ 2025ರ ಜನವರಿಯಿಂದ ಅನ್ವಯವಾಗುವಂತೆ ಮೂಲ ವೇತನದ ಶೇ 10.75ರಿಂದ ಶೇ 12.25ಕ್ಕೆ ಏರಿತು. ಒಂದೂವರೆ ಪರ್ಸೆಂಟ್ ಏರಿಕೆ ಎನ್ನುವುದು ರೂಢಿ. ಏಳನೇ ವೇತನ ಆಯೋಗದ ಪ್ರಕಾರ ಅತಿ ಕಡಿಮೆ ಮೂಲ ವೇತನ 27,000. ಅದರ ಮೇಲೆ ಒಂದೂವರೆ ಎಂದರೆ 405 ರೂಪಾಯಿ. ಆ ನೌಕರನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಆಗಲೇ 29,902 ಬರುತ್ತಿತ್ತು. ಅದರ ಮೇಲೆ 405 ಎಂದರೆ ಶೇ 1.35. ದೊಡ್ಡ ಅಂತರವೇನಲ್ಲ. ಆದರೂ ಅವರಿಗೆ ಒಂದು ಭದ್ರತೆ ಇದೆ. ಬೆಲೆ ಏರಿದರೆ ವರ್ಷಕ್ಕೆರಡು ಸಲ ಯಾರೋ ಒಬ್ಬರು ಕೂತು ಲೆಕ್ಕ ಹಾಕುತ್ತಾರೆ.

ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಹೋಗುವವರಿಗೆ ಆ ಲೆಕ್ಕ ಹಾಕುವವರು ಯಾರು? ನಾವೇ. ನಾವು ಹಾಕುತ್ತೇವೆಯೇ? 2022ರಲ್ಲಿ ತಿಂಗಳಿಗೆ 3,000 ಕೊಡುತ್ತಿದ್ದ ಮನೆಯೊಂದು ವರ್ಷಕ್ಕೆ ನೂರು ರೂಪಾಯಿಯಂತೆ ಮೂರು ಸಲ ಹೆಚ್ಚಿಸಿತು ಎನ್ನೋಣ. ಪ್ರತಿವರ್ಷವೂ ನೂರು, ಆದ್ದರಿಂದ ಕೊಡುವವರಿಗೆ ಒಂದೇ ಸಮನಾಗಿ ಕಾಣುತ್ತದೆ. ಆದರೆ ಮೊದಲ ನೂರು ಶೇ 3.33, ಎರಡನೆಯದು ಶೇ 3.23, ಮೂರನೆಯದು ಶೇ 3.13. ಕೊಡುವ ನೂರು ಹಾಗೇ ಇದೆ, ಅದರ ತೂಕ ಇಳಿಯುತ್ತಿದೆ. ಮೂರೂ ಸೇರಿ 3,300, ಮೊದಲಿಗಿಂತ ಶೇ 10 ಹೆಚ್ಚು. ಅಷ್ಟರಲ್ಲಿ ಹಾಲು ಶೇ 24.3 ಏರಿತ್ತು. 37 ರೂಪಾಯಿ ಇದ್ದಾಗ ಆಕೆಯ ಸಂಬಳಕ್ಕೆ 81 ಲೀಟರ್ ಬರುತ್ತಿತ್ತು. 46 ಆದ ಮೇಲೆ 3,300ಕ್ಕೆ ಬರುವುದು 71 ಲೀಟರು. ಮೊದಲಿನಷ್ಟೇ ಬರಬೇಕಾದರೆ ಸಂಬಳ 3,730 ಆಗಬೇಕು. ಹಾಲೊಂದೇ ಬದುಕಲ್ಲ, ಸರಿ. ರೇಷನ್ ಅಕ್ಕಿಗೆ ಹಣ ಕೊಡಬೇಕಿಲ್ಲ, ಬಸ್ಸಿಗೂ ಬೇಕಿಲ್ಲ. ಆದರೆ ಮನೆ ಬಾಡಿಗೆ ಇದೆ, ಗ್ಯಾಸ್ ಇದೆ, ಮಕ್ಕಳ ಶಾಲೆ ಇದೆ. ತಿಂಗಳ ಲೆಕ್ಕದ ಪುಸ್ತಕದಲ್ಲಿ ಹಾಲಿನ ಖರ್ಚು ಬರೆಯುವ ಸಾಲಿನ ಕೆಳಗೇ ಆಕೆಯ ಸಂಬಳ ಬರೆಯುವ ಸಾಲೂ ಇರುತ್ತದಲ್ಲ, ಎರಡಕ್ಕೂ ಅದೇ ಭಾಗಾಕಾರವನ್ನು ಮಾಡುವುದು ನ್ಯಾಯ ಎಂದು ನಾನು ನಂಬಿದ್ದೇನೆ.

ಬೆಳಿಗ್ಗೆ ಮನೆಗೆ ಹಾಲು ಬರುವುದಕ್ಕೂ ಮುಂಚೆ, ಹೂವಿನವರು ಮಾರುಕಟ್ಟೆ ತಲುಪಿರುತ್ತಾರೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮೊದಲೇ ವ್ಯಾಪಾರ ಜೋರು. ಸೇವಂತಿಗೆ, ಕನಕಾಂಬರ, ಮಲ್ಲಿಗೆ ಮೂಟೆಗಳಲ್ಲಿ ಬಂದಿಳಿಯುತ್ತವೆ. ಬಿಡಿ ಹೂವನ್ನು ತೂಕದಲ್ಲಿ ಕೊಂಡು, ಫುಟ್‌ಪಾತಿನಲ್ಲೋ ದೇವಸ್ಥಾನದ ಮುಂದೆಯೋ ಕೂತು ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುವ ಹೆಣ್ಣುಮಗಳೊಬ್ಬಳನ್ನು ಎದುರಿಗಿಟ್ಟುಕೊಂಡು ಯೋಚಿಸೋಣ. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಗಿರಾಕಿ ಕೇಳುತ್ತಾರೆ:

"ಏನಮ್ಮಾ, ಮೊನ್ನೆ ಇಪ್ಪತ್ತು ರೂಪಾಯಿಗೆ ಕೊಟ್ಟಿದ್ದೆ. ಇವತ್ತು ಐವತ್ತಾ?"

"ನಂಗೂ ಹಂಗೇ ಬಿದ್ದೈತೆ ಅಕ್ಕಾ. ಮಾರ್ಕೆಟ್ಟಲ್ಲೇ ಹೂವು ಸಿಗ್ತಿಲ್ಲ."

ಇಪ್ಪತ್ತರಿಂದ ಐವತ್ತು ಎಂದರೆ ಶೇ 150 ಏರಿಕೆ. ಗಿರಾಕಿಯ ಕಣ್ಣಿಗೆ ಕಾಣುವುದು ಅದು. ಈಗ ಬುಟ್ಟಿಯ ಆಚೆ ಬದಿಗೆ ಹೋಗಿ ಕೂರೋಣ. ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ಹಿಡಿದುಕೊಂಡಿದ್ದೇನೆ. ಮಾಮೂಲಿ ದಿನ ಮೊಳಕ್ಕೆ ಬೀಳುವ ಅಸಲು 15, ಮಾರುವುದು 20ಕ್ಕೆ, ಉಳಿಯುವುದು 5. ಅಸಲಿನ ಮೇಲೆ ಲಾಭ ಶೇ 33. ಹಬ್ಬದ ದಿನ ಅಸಲೇ 42 ಬೀಳುತ್ತದೆ, ಮಾರುವುದು 50ಕ್ಕೆ, ಉಳಿಯುವುದು 8. ಅಸಲಿನ ಮೇಲೆ ಲಾಭ ಶೇ 19. ಬೆಲೆ ಶೇ 150 ಏರಿತು, ಮೊಳಕ್ಕೆ ಉಳಿಯುವ ಹಣ ಶೇ 60 ಏರಿತು, ಹಾಕಿದ ಬಂಡವಾಳದ ಮೇಲಿನ ಲಾಭದ ದರ ಇಳಿಯಿತು. ಒಂದೇ ಮೊಳ ಹೂವಿಗೆ ಮೂರು ಶೇಕಡಾ, ಮೂರಕ್ಕೂ ಬೇರೆ ನೂರು. ಕಟ್ಟಿದ ಕೈಗೆ ಕೂಲಿ ಎಂದು ಅವಳು ಏನನ್ನೂ ಲೆಕ್ಕಕ್ಕೆ ಹಿಡಿದಿಲ್ಲ ಎಂಬುದನ್ನೂ ಗಮನಿಸಬೇಕು. ಅಂಗಡಿ ಇಟ್ಟವರು ಲಾಭವನ್ನು ಕೆಲವೊಮ್ಮೆ ಅಸಲಿನ ಮೇಲೆ ಹೇಳುತ್ತಾರೆ, ಕೆಲವೊಮ್ಮೆ ಮಾರಿದ ಬೆಲೆಯ ಮೇಲೆ. 15ಕ್ಕೆ ತಂದು 20ಕ್ಕೆ ಮಾರಿದ್ದು ಅಸಲಿನ ಮೇಲೆ ಶೇ 33, ಮಾರಾಟದ ಮೇಲೆ ಶೇ 25. ಪಾಲುದಾರರು ಮನಸ್ಸು ಕೆಡಿಸಿಕೊಳ್ಳುವ ಎಷ್ಟೋ ಸಂದರ್ಭಗಳಲ್ಲಿ ಇಬ್ಬರೂ ಸರಿಯಾದ ಲೆಕ್ಕವನ್ನೇ ಹೇಳುತ್ತಿರುತ್ತಾರೆ.

ಹೂವಿಗೆ ಹಾಕುವ ಹಣ ಅವಳಿಗೆ ಬರುವುದು ಎಲ್ಲಿಂದ? ಮಾರುಕಟ್ಟೆಗಳಲ್ಲಿ ಬಹಳ ಕಾಲದಿಂದ ನಡೆದುಬಂದ ಒಂದು ಕೈಸಾಲ ಇದೆ. ಬೆಳಿಗ್ಗೆ ಒಂಬೈನೂರು ಕೊಡುತ್ತಾರೆ, ಸಂಜೆ ಸಾವಿರ ತೆಗೆದುಕೊಳ್ಳುತ್ತಾರೆ. ಹತ್ತು ಪರ್ಸೆಂಟ್ ಎಂದು ಕೊಡುವವರು ಹೇಳುತ್ತಾರೆ. ಸಾವಿರವನ್ನು ನೂರು ಎಂದು ಹಿಡಿದರೆ ಹತ್ತು. ಆದರೆ ಅವಳ ಕೈಗೆ ಸಾವಿರ ಬಂದೇ ಇಲ್ಲ. ಬಂದದ್ದು 900, ಅದರ ಮೇಲೆ 100 ಎಂದರೆ ಶೇ 11.1. ಅದೂ ಒಂದು ಹಗಲಿಗೆ. ಭದ್ರತೆ ಇಲ್ಲದ ಸಾಲಕ್ಕೆ ಲೇವಾದೇವಿಯವರು ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದು ಎಂದು ಕರ್ನಾಟಕದಲ್ಲಿ ಕಾನೂನಿನ ಮಿತಿ ಇದೆ. ಇಲ್ಲಿ ಒಂದೂವರೆ ದಿನದಲ್ಲಿ ಅದು ದಾಟಿಹೋಗುತ್ತದೆ. ಹಳ್ಳಿಗಳ 'ನೂರಕ್ಕೆ ಮೂರು' ಬಡ್ಡಿಯೂ ತಿಂಗಳ ಲೆಕ್ಕದ್ದು, ವರ್ಷಕ್ಕೆ 36 ಆಗುತ್ತದೆ, ಬಡ್ಡಿಗೆ ಬಡ್ಡಿ ಸೇರಿದರೆ ನಲವತ್ತೆರಡು ದಾಟುತ್ತದೆ. ಅದೇ ಹೆಚ್ಚಾಯಿತು ಎಂದು ಅನ್ನಿಸಿದರೂ, ಈ ಹಗಲು ಸಾಲದ ಮುಂದೆ ಅದು ಏನೂ ಅಲ್ಲ. ವರ್ಷದಲ್ಲಿ ಮುನ್ನೂರು ದಿನ ಹೀಗೆ ತಂದರೆ, ಒಂಬೈನೂರು ರೂಪಾಯಿಯನ್ನು ಹಗಲಿನ ಹೊತ್ತು ಕೈಯಲ್ಲಿಟ್ಟುಕೊಳ್ಳಲು ಅವಳು ಕೊಡುವುದು ಮೂವತ್ತು ಸಾವಿರ.

ಈಗ ಎರಡು ಲೆಕ್ಕವನ್ನೂ ಜೋಡಿಸಿ ನೋಡಬೇಕು. ಮಾಮೂಲಿ ದಿನ ಅವಳು 900 ತಂದು, 15ರಂತೆ 60 ಮೊಳಕ್ಕಾಗುವಷ್ಟು ಹೂವು ಕೊಳ್ಳುತ್ತಾಳೆ. ಮೊಳಕ್ಕೆ 5ರಂತೆ 300 ಉಳಿಯುತ್ತದೆ. ಬಡ್ಡಿಗೆ 100 ಹೋದರೆ ಮನೆಗೆ 200. ಹಬ್ಬದ ದಿನ ಅದೇ 60 ಮೊಳ ಮಾರಬೇಕಾದರೆ 2,520 ಬೇಕು. ಅಷ್ಟು ಸಾಲಕ್ಕೆ ಸಂಜೆಯ ಬಡ್ಡಿ 280. ಮೊಳಕ್ಕೆ 8ರಂತೆ ಬಂದ ಲಾಭ 480. ಅದರಲ್ಲಿ 280 ಕಳೆದರೆ ಮನೆಗೆ 200.

ಬೆಲೆ ಶೇ 150 ಏರಿತು. ಅವಳ ಮನೆಗೆ ಹೋದದ್ದು ಒಂದು ರೂಪಾಯಿಯೂ ಏರಲಿಲ್ಲ. ಅದೂ ಎಲ್ಲ ಹೂವೂ ಮಾರಿಹೋದರೆ. ಸಂಜೆಗೆ ಐದು ಮೊಳ ಬುಟ್ಟಿಯಲ್ಲಿ ಬಾಡಿ ಉಳಿದರೆ, ಬರಬೇಕಿದ್ದ 250 ರೂಪಾಯಿ ಬರುವುದಿಲ್ಲ. ಬೆಳಗಿನಿಂದ ದುಡಿದವಳು ಐವತ್ತು ರೂಪಾಯಿಯನ್ನು ಕೈಯಿಂದಲೇ ಹಾಕಿ ಸಾಲ ತೀರಿಸಬೇಕು. ಬಂಡವಾಳ ಅವಳದ್ದೇ ಆಗಿದ್ದರೆ, ಎಲ್ಲವೂ ಮಾರಿಹೋದ ಹಬ್ಬದ ದಿನ 480 ಉಳಿಯುತ್ತಿತ್ತು.

ದಾರಿ ಇಲ್ಲವೆಂದೇನಲ್ಲ. ಬೀದಿ ವ್ಯಾಪಾರಿಗಳಿಗೆ ಬಡ್ಡಿಯಿಲ್ಲದೆ ಸಣ್ಣ ಸಾಲ ಕೊಡಲೆಂದು 2018ರಲ್ಲಿ ರಾಜ್ಯ ಸರ್ಕಾರ 'ಬಡವರ ಬಂಧು' ಯೋಜನೆ ತಂದಿತು. 2020ರ ಜೂನ್‌ನಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂತು. ಅದರ ಮೊದಲ ಸಾಲ 10,000 ಇತ್ತು, 2025ರ ಆಗಸ್ಟ್‌ನಲ್ಲಿ ಅದನ್ನು 15,000ಕ್ಕೆ ಏರಿಸಿ, ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿದರು. ಬ್ಯಾಂಕು ವರ್ಷಕ್ಕೆ ಶೇ 12ರಂತೆ ಬಡ್ಡಿ ಹಾಕಿದರೂ 15,000ಕ್ಕೆ 1,800 ಆಗುತ್ತದೆ. ತಿಂಗಳ ಕಂತಿನಲ್ಲಿ ಅಸಲು ಇಳಿಯುತ್ತ ಹೋಗುವುದರಿಂದ ಅಷ್ಟೂ ಆಗುವುದಿಲ್ಲ, ಸಕಾಲಕ್ಕೆ ಕಟ್ಟಿದವರಿಗೆ ಶೇ 7 ಬಡ್ಡಿ ಸಹಾಯಧನವೂ ಇದೆ. 1,800 ಎಂದೇ ಹಿಡಿದರೂ ಅದು ಮಾರುಕಟ್ಟೆಯ ಸಾಲಕ್ಕೆ ಅವಳು ಹದಿನೆಂಟು ದಿನದಲ್ಲಿ ಕೊಡುವ ಬಡ್ಡಿ.

ಹಾಗಿದ್ದೂ ನಸುಕಿನ ಸಾಲ ಯಾಕೆ ನಿಂತಿಲ್ಲ? ಅವಳಿಗೆ ಲೆಕ್ಕ ಬಾರದೆ ಅಲ್ಲ. ದಿನವೂ ಬೆರಳಲ್ಲಿ ಎಣಿಸುವವಳಿಗೆ ನೂರು ರೂಪಾಯಿ ಎಲ್ಲಿ ಹೋಯಿತೆಂದು ಚೆನ್ನಾಗಿ ಗೊತ್ತು. ಸಾಲ ಕೊಡುವವನು ನಾಲ್ಕು ಗಂಟೆಗೆ ಮಾರುಕಟ್ಟೆಯಲ್ಲಿ ಇರುತ್ತಾನೆ, ಕಾಗದ ಕೇಳುವುದಿಲ್ಲ, ಜಾಮೀನು ಕೇಳುವುದಿಲ್ಲ. ಬ್ಯಾಂಕು ತೆರೆಯುವುದು ಹತ್ತು ಗಂಟೆಗೆ, ಅವಳ ವ್ಯಾಪಾರದ ನಡುಮಧ್ಯೆ. ಎದ್ದು ಹೋದರೆ ಬುಟ್ಟಿ ಕಾಯುವವರಿಲ್ಲ, ಹೋದರೂ ಅರ್ಜಿ ತುಂಬಿಕೊಡುವವರಿಲ್ಲ. ಸ್ವನಿಧಿಯ ಅರ್ಜಿಗೆ ಬೇಕಾದದ್ದು ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರು, ಬ್ಯಾಂಕ್ ಪಾಸ್‌ಬುಕ್, ಪಾಲಿಕೆ ಕೊಟ್ಟ ಬೀದಿ ವ್ಯಾಪಾರಿ ಗುರುತಿನ ಚೀಟಿ. ಚೀಟಿ ಇಲ್ಲದಿದ್ದರೆ ಪಾಲಿಕೆಯಿಂದ ಶಿಫಾರಸು ಪತ್ರ ತರಬೇಕು. ಮೊಬೈಲಿನಲ್ಲೇ ತುಂಬಬಹುದಾದ ಅರ್ಜಿ ಅದು. ಅವಳ ಹತ್ತಿರ ವರ್ಷಗಟ್ಟಲೆ ಹೂವು ಕೊಂಡವರು, ಮೊಬೈಲು ಬಳಸಬಲ್ಲವರು, ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ಕೂತು ತುಂಬಿಕೊಡುವುದಕ್ಕೆ ಆ ಹೊತ್ತು ಅನುಕೂಲ.